ಪುಟ ತೆರೆದ ಕೂಡಲೇ ನೋಟಿಫಿಕೇಶನ್ ಅನುಮತಿ ಕೇಳೋದು ಬಿಟ್ಟು, ಯಾವಾಗ, ಹೇಗೆ ಕೇಳಬೇಕು? ಕಾಫಿ ದರ, ಘಾಟ್ ರಸ್ತೆ ಸೈಟ್‌ಗೆ ಸಲಹೆ ಬೇಕು

ಮೂಡಿಗೆರೆ_ವೆಬ್

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು, ಹಾಸನ ಕಡೆಯ ಕಾಫಿ ಬೆಳೆಗಾರರಿಗೆಂದು ಇರುವ ಒಂದು ಸೈಟ್‌ನ ವಿಷಯ. ಅದರಲ್ಲಿ ಬರುವುದು ಇಷ್ಟು: ಅರೇಬಿಕಾ, ರೋಬಸ್ಟಾ ಎರಡರ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ್ದು) ಮತ್ತು ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ದರ, 50 ಕೆಜಿ ಚೀಲಕ್ಕೆ, ಕಾಳುಮೆಣಸಿನ ದರ, ಹೋಬಳಿವಾರು ಮಳೆ, ಚಾರ್ಮಾಡಿ ಮತ್ತು ಶಿರಾಡಿ ಘಾಟ್‌ನಲ್ಲಿ ವಾಹನ ಬಿಡುತ್ತಿದ್ದಾರೋ ಇಲ್ಲವೋ. ದರ ದಿನಕ್ಕೊಮ್ಮೆ ಬದಲಾಗುತ್ತದೆ. ಘಾಟ್ ಸುದ್ದಿಗೆ ಹೊತ್ತುಗೊತ್ತಿಲ್ಲ.

ಈಗ ಪುಟ ಲೋಡ್ ಆದ ತಕ್ಷಣ ಅನುಮತಿ ಕೇಳುವ ಕೋಡ್ (ನೋಟಿಫಿಕೇಶನ್.ರಿಕ್ವೆಸ್ಟ್‌ಪರ್ಮಿಶನ್) ಓಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೆಟ್ಟಿಗೆಯೇ ಕಾಣುವುದಿಲ್ಲ. ಕೆಲವು ಕ್ರೋಮ್‌ಗಳಲ್ಲಿ ವಿಳಾಸಪಟ್ಟಿಯ ಹತ್ತಿರ ಗೀಟು ಎಳೆದ ಗಂಟೆ ಮಾತ್ರ ಬರುತ್ತದೆ. ಐಫೋನ್‌ನಲ್ಲಿ ಇನ್ನೂ ಕಷ್ಟ: ಸ್ಕ್ರಿಪ್ಟ್ ಅಲ್ಲೇ ನಿಂತು ದರದ ಕೋಷ್ಟಕವೂ ಬರುವುದಿಲ್ಲ.

ನನ್ನ ಪ್ರಶ್ನೆ ಎರಡು. ಕೇಳುವ ಸರಿಯಾದ ಜಾಗ ಯಾವುದು? ಬ್ರೌಸರ್ ಪೆಟ್ಟಿಗೆಗೆ ಮೊದಲು ನಮ್ಮದೇ ಒಂದು ಪೆಟ್ಟಿಗೆ ತೋರಿಸುವುದು ಒಳ್ಳೆಯದೋ, ಅದೂ ಕಾಟವೇ ಆಗುತ್ತದೋ?

---

ಹೇಮಾವತಿ_ದಂಡೆ

ಬ್ರೌಸರ್‌ನ ಪೆಟ್ಟಿಗೆ ಒಂದೇ ಸಲ ಸಿಗುವ ಅವಕಾಶ. ಅದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ‘ಬ್ಲಾಕ್’ ಒತ್ತಿದರೆ ಸ್ಥಿತಿ ‘ಡಿನೈಡ್’ ಆಗುತ್ತದೆ. ಆಮೇಲೆ ನಿಮ್ಮ ಕೋಡ್ ನೂರು ಸಲ ಕರೆದರೂ ಪೆಟ್ಟಿಗೆ ಏಳುವುದಿಲ್ಲ, ‘ಡಿನೈಡ್’ ಅಂತ ಉತ್ತರ ಮಾತ್ರ ವಾಪಸ್ ಬರುತ್ತದೆ. ಅದನ್ನು ಬಿಡಿಸುವುದಕ್ಕೆ ಬಳಕೆದಾರರೇ ಸೆಟ್ಟಿಂಗ್‌ಗೆ ಹೋಗಬೇಕು. ತೋಟದ ಕೆಲಸದ ನಡುವೆ ದರ ನೋಡಲು ಬಂದವರು ಅಷ್ಟು ದೂರ ಹೋಗುವುದಿಲ್ಲ. ‘×’ ಒತ್ತಿದರೆ ಅಷ್ಟು ಕಠಿಣವಿಲ್ಲ, ಸ್ಥಿತಿ ‘ಡೀಫಾಲ್ಟ್’ ಆಗಿಯೇ ಉಳಿಯುತ್ತದೆ. ಆದರೆ ಕ್ರೋಮ್‌ನಲ್ಲಿ 3 ಸಲ ಹಾಗೆ ಮುಚ್ಚಿದರೆ 7 ದಿನ ಆ ಸೈಟ್‌ಗೆ ಬೀಗ.

ಇನ್ನು ನಿಮ್ಮ ಮೂರು ತೊಂದರೆಗಳು.

ಫೈರ್‌ಫಾಕ್ಸ್: 2020ರ ಜನವರಿಯಲ್ಲಿ ಬಂದ 72ನೇ ಆವೃತ್ತಿಯಿಂದ, ಬಳಕೆದಾರರು ಪುಟದಲ್ಲಿ ಏನನ್ನಾದರೂ ಒತ್ತದೆ ಹೋದರೆ ಪೆಟ್ಟಿಗೆ ತೋರಿಸುವುದಿಲ್ಲ, ವಿಳಾಸಪಟ್ಟಿಯಲ್ಲಿ ಚಿಕ್ಕ ಗುರುತು ಮಾತ್ರ. ಸುಮ್ಮನೆ ಮಾಡಿದ್ದಲ್ಲ. 2019ರಲ್ಲಿ ಮೊಜಿಲ್ಲಾ ಕೊಟ್ಟ ಲೆಕ್ಕದಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಸುಮಾರು 99%ಕ್ಕೆ ಒಪ್ಪಿಗೆ ಸಿಕ್ಕಿರಲಿಲ್ಲ, 48% ಅನ್ನು ಜನ ಬೇಕೆಂದೇ ನಿರಾಕರಿಸಿದ್ದರು. ಸಫಾರಿ ಅದಕ್ಕೂ ಮೊದಲೇ, 12.1ರಲ್ಲೇ ಈ ನಿಯಮ ತಂದಿತ್ತು.

ಕ್ರೋಮ್: 2020ರ 80ನೇ ಆವೃತ್ತಿಯಿಂದ ‘ಮೌನ’ ಪೆಟ್ಟಿಗೆ ಇದೆ. ಪದೇಪದೇ ನಿರಾಕರಿಸುವ ಬಳಕೆದಾರರಿಗೂ, ಒಪ್ಪಿಗೆ ತೀರಾ ಕಡಿಮೆ ಸಿಗುವ ಸೈಟ್‌ಗಳಿಗೂ ಅದು ತಾನಾಗಿ ಅನ್ವಯವಾಗುತ್ತದೆ. ಪುಟ ತೆರೆದ ಕೂಡಲೇ ಕೇಳಿಕೇಳಿ ನಿರಾಕರಣೆ ಕೂಡಿಸಿಕೊಂಡ ಸೈಟ್‌ಗೆ, ನಾಳೆ ಸರಿಯಾಗಿ ಕೇಳಿದರೂ ಸ್ವಲ್ಪ ಕಾಲ ಗೀಟಿನ ಗಂಟೆಯೇ ಗತಿ. ಹಾಗಾಗಿ ಬೇರೆ ಏನು ಮಾಡುವುದಕ್ಕೂ ಮೊದಲು ಆ ಲೋಡ್ ಕರೆಯನ್ನು ಇವತ್ತೇ ತೆಗೆಯಿರಿ.

ಐಫೋನ್: ಸಫಾರಿಯ ಮಾಮೂಲಿ ಟ್ಯಾಬ್‌ನಲ್ಲಿ ‘ನೋಟಿಫಿಕೇಶನ್’ ಅನ್ನುವ ವಸ್ತುವೇ ಇರುವುದಿಲ್ಲ. ಇಲ್ಲದ್ದನ್ನು ಮುಟ್ಟಲು ಹೋಗಿ ಸ್ಕ್ರಿಪ್ಟ್ ಬೀಳುತ್ತಿದೆ. ವಿಂಡೋದಲ್ಲಿ ಅದು ಇದೆಯೇ ಅಂತ ಮೊದಲು ಪರೀಕ್ಷಿಸಿ. ದರದ ಕೋಷ್ಟಕದ ಕೋಡ್ ಅನ್ನು ಇದರಿಂದ ಪೂರ್ತಿ ಬೇರೆ ಫೈಲ್‌ಗೆ ಹಾಕಿ. ನೋಟಿಫಿಕೇಶನ್ ಕೆಟ್ಟರೆ ದರವೂ ಕೆಡಬಾರದು.

ಕೇಳುವ ಜಾಗ: ಬಳಕೆದಾರರು ತಾವೇ ಒಂದು ಸುದ್ದಿ ಬೇಕು ಅಂದ ಗಳಿಗೆ. ನಿಮ್ಮ ಸೈಟ್‌ಗೆ ಇದು ಸುಲಭ. ರೋಬಸ್ಟಾ ಚೆರ್ರಿಯ ಸಾಲಿನ ಪಕ್ಕ ‘ಇಷ್ಟು ರೂಪಾಯಿ ದಾಟಿದರೆ ತಿಳಿಸಿ’ ಅಂತ ಒಂದು ಖಾನೆ ಕೊಡಿ. ಅವರು ಮೊತ್ತ ಬರೆದು ‘ತಿಳಿಸಿ’ ಒತ್ತುತ್ತಾರೆ, ಆಗ ಬ್ರೌಸರ್ ಪೆಟ್ಟಿಗೆ ಬರುತ್ತದೆ. ಆ ಹೊತ್ತಿಗೆ ಪೆಟ್ಟಿಗೆ ಯಾಕೆ ಬಂತು ಅಂತ ಯಾರೂ ಯೋಚಿಸಬೇಕಾಗಿಲ್ಲ, ಕೇಳಿದ್ದು ಅವರೇ. ಘಾಟ್ ಪುಟದಲ್ಲಿ ‘ಚಾರ್ಮಾಡಿ ಬಂದ್ ಆದರೆ, ತೆರೆದರೆ ತಿಳಿಸಿ’ ಅಂತ ಒಂದು ಬಟನ್ ಸಾಕು. ಮುಖಪುಟದಲ್ಲಿ ಬೇಡ.

---

ಬಾಳೆಹೊನ್ನೂರು_ಯುಐ

ಮೇಲಿನ ಉತ್ತರ ಸರಿ. ಎರಡನೇ ಪ್ರಶ್ನೆಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ.

‘ಬ್ರೌಸರ್ ಪೆಟ್ಟಿಗೆಗೆ ಮೊದಲು ನಮ್ಮ ಪೆಟ್ಟಿಗೆ’ ಅನ್ನುವ ಉಪಾಯ ಹಳೆಯದು. ನಮ್ಮ ಪೆಟ್ಟಿಗೆಗೆ ‘ಬೇಡ’ ಅಂದರೆ ಬ್ರೌಸರ್‌ನ ಒಂದು ಅವಕಾಶ ಉಳಿಯುತ್ತದೆ ಅನ್ನುವುದು ಅದರ ಲೆಕ್ಕ. ಲೆಕ್ಕ ನಿಜ. ಆದರೆ ಅದು ತಾನಾಗಿ ಎದ್ದು ಬಂದು ದರವನ್ನು ಮುಚ್ಚಿಕೊಂಡರೆ ಓದುಗರ ಪಾಲಿಗೆ ಎರಡಕ್ಕೂ ವ್ಯತ್ಯಾಸವಿಲ್ಲ, ಇಬ್ಬರೂ ಬಾಗಿಲಲ್ಲೇ ಅಡ್ಡ ನಿಂತವರು. ಪೆಟ್ಟಿಗೆ ಬೇಡ, ಪುಟದಲ್ಲೇ ಕೂತಿರುವ ಸ್ವಿಚ್ ಇರಲಿ. ಯಾವುದರ ದರವೋ ಅದರ ಸಾಲಿನಲ್ಲೇ.

ನಿಮ್ಮ ಸೈಟ್‌ನಲ್ಲಿ ಒಂದು ದೊಡ್ಡ ಅಪಾಯ ಇದೆ, ಅದನ್ನು ಯಾರೂ ಎತ್ತಿಲ್ಲ. ವಿಷಯ ನಾಲ್ಕು, ಅನುಮತಿ ಒಂದೇ. ಬ್ರೌಸರ್ ಅನುಮತಿ ಕೊಡುವುದು ಇಡೀ ಸೈಟ್‌ಗೆ. ದಿನಾ ಕಾಳುಮೆಣಸಿನ ದರ ಬಂದು ಬೇಸತ್ತವರು ಫೋನ್‌ನಲ್ಲಿ ಬ್ಲಾಕ್ ಮಾಡಿದರೆ, ಆಗಸ್ಟ್‌ನ ಮಳೆಯಲ್ಲಿ ಶಿರಾಡಿ ಬಂದ್ ಆದ ಸುದ್ದಿಯೂ ಅವರಿಗೆ ಹೋಗುವುದಿಲ್ಲ. ಮಂಗಳೂರಿನ ಆಸ್ಪತ್ರೆಗೆ ಹೊರಟವರಿಗೆ ಬೇಕಾದ ಸುದ್ದಿಯನ್ನು ಮೆಣಸಿನ ದರ ತಡೆದುಬಿಡುತ್ತದೆ. ಅದಕ್ಕೇ ಪ್ರತಿ ವಿಷಯಕ್ಕೂ ಬೇರೆ ಸ್ವಿಚ್. ಒಂದನ್ನು ಒತ್ತಿದರೆ ಅದೊಂದೇ ಆನ್ ಆಗಬೇಕು. ‘ಹೇಗೂ ಒಪ್ಪಿದ್ದಾರೆ, ಎಲ್ಲ ಕಳಿಸೋಣ’ ಅನ್ನುವುದು ಬೇಡ.

ಆಫ್ ಮಾಡುವ ದಾರಿಯೂ ಅಷ್ಟೇ ಹತ್ತಿರ ಇರಲಿ. ಎಲ್ಲ ಸ್ವಿಚ್ ಆಫ್ ಮಾಡಿದರೆ ಚಂದಾವನ್ನು (ಆ ಬ್ರೌಸರ್‌ಗೆ ಸುದ್ದಿ ಕಳಿಸಲು ಸಿಕ್ಕ ವಿಳಾಸ) ಅನ್‌ಸಬ್‌ಸ್ಕ್ರೈಬ್ ಮಾಡಿ, ಸರ್ವರ್‌ನಿಂದ ಅಳಿಸಿ. ಆಗಲೂ ಬ್ರೌಸರ್ ಅನುಮತಿ ‘ಗ್ರಾಂಟೆಡ್’ ಆಗಿಯೇ ಉಳಿದಿರುತ್ತದೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದಾಗ ಅವರು ಮತ್ತೆ ಸ್ವಿಚ್ ಹಾಕಿದರೆ ಯಾವ ಪೆಟ್ಟಿಗೆಯೂ ಬರದೆ ಚಾಲೂ ಆಗುತ್ತದೆ. ನಿಮ್ಮ ಪುಟದಲ್ಲಿ ಆಫ್ ಬಟನ್ ಸಿಗದೆ ಬ್ರೌಸರ್‌ನಲ್ಲಿ ಬ್ಲಾಕ್ ಮಾಡಿದವರು ಮಾತ್ರ ವಾಪಸ್ ಬರುವುದಿಲ್ಲ.

ಮಾತು ಹೇಗಿರಬೇಕು ಅಂದರೆ: ‘ನಮ್ಮ ಅಪ್‌ಡೇಟ್‌ಗಳನ್ನು ಪಡೆಯಿರಿ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಸಂಜೆ ಒಂದು ಸಲ, ರೋಬಸ್ಟಾ ಚೆರ್ರಿ ದರ ಮಾತ್ರ. ಭಾನುವಾರ ಇಲ್ಲ’ ಅನ್ನಿ. ಏನು, ಎಷ್ಟು ಸಲ, ಯಾವಾಗ ಇಲ್ಲ. ಬ್ರೌಸರ್ ಪೆಟ್ಟಿಗೆಯ ಒಳಗಿನ ಮಾತನ್ನು ನೀವು ಬದಲಿಸಲಾಗದು, ಅದು ಫೋನಿನ ಭಾಷೆಯಲ್ಲಿ ಬರುತ್ತದೆ. ನಮ್ಮ ಕಡೆ ಬಹಳ ಜನರ ಫೋನ್ ಇಂಗ್ಲಿಷ್‌ನಲ್ಲೇ ಇರುತ್ತದೆ, ಕನ್ನಡಕ್ಕೆ ಬದಲಿಸಿಕೊಂಡವರಿಗೆ ‘ಅಧಿಸೂಚನೆ’, ‘ಅನುಮತಿಸಿ’ ಅಂತ ಕಾಣುತ್ತದೆ. ಸ್ವಿಚ್‌ನ ಕೆಳಗೆ ‘ಮುಂದೆ ಬರುವ ಪ್ರಶ್ನೆಗೆ ಅಲೋ ಅಥವಾ ಅನುಮತಿಸಿ ಒತ್ತಿ’ ಅಂತ ಎರಡೂ ಪದ ಹಾಕಿ.

‘ಬೇಡ, ನಷ್ಟ ಆದರೂ ಪರವಾಗಿಲ್ಲ’ ಥರದ ಚುಚ್ಚುಮಾತಿನ ಬಟನ್ ಖಂಡಿತ ಬೇಡ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ (ಬಳಕೆದಾರರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿ ಹೊರಡಿಸಿದೆ. ಅದು ಪಟ್ಟಿ ಮಾಡಿದ 13 ಬಗೆಗಳಲ್ಲಿ ಇಂಥ ನಾಚಿಕೆಪಡಿಸುವ ಮಾತೂ ಒಂದು, ಪದೇಪದೇ ಪೀಡಿಸುವುದೂ ಒಂದು. ‘ಇಲ್ಲ’ ಅನ್ನಲು ದಾರಿ ಕೊಡದೆ ನೋಟಿಫಿಕೇಶನ್ ಆನ್ ಮಾಡಿ ಅಂತ ಕೇಳುತ್ತಲೇ ಇರುವುದನ್ನು ಪೀಡನೆಗೆ ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ಒಮ್ಮೆ ಬೇಡ ಅಂದರೆ ಆ ಸಾಧನದಲ್ಲಿ ಅದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಎತ್ತಬೇಡಿ.

---

ಮೂಡಿಗೆರೆ_ವೆಬ್

ತುಂಬಾ ಧನ್ಯವಾದ. ವಿಷಯಕ್ಕೊಂದು ಸ್ವಿಚ್ ಅನ್ನುವುದು ಮನಸ್ಸಿಗೆ ಬಂತು. ಟೆಸ್ಟ್ ಸೈಟ್‌ನಲ್ಲಿ ಹಾಕಿ ನೋಡಿದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಸರಿ ಇದೆ. ಮ್ಯಾಕ್‌ನ ಸಫಾರಿಯಲ್ಲಿ ಮಾತ್ರ ಬಟನ್ ಒತ್ತಿದರೂ ಕೆಲವು ಸಲ ಪೆಟ್ಟಿಗೆ ಬರುವುದಿಲ್ಲ. ಬಟನ್ ಒತ್ತಿದಾಗ ಮೊದಲು ಸರ್ವರ್‌ನಿಂದ ಕೀ (ಸುದ್ದಿ ಕಳಿಸುವವರು ನಾವೇ ಅಂತ ಗುರುತಿಸುವ ಸಂಕೇತ) ತರಿಸಿಕೊಂಡು, ಸರ್ವಿಸ್ ವರ್ಕರ್ (ಹಿನ್ನೆಲೆಯಲ್ಲಿ ಸುದ್ದಿ ಪಡೆಯುವ ಸ್ಕ್ರಿಪ್ಟ್) ನೋಂದಾಯಿಸಿ, ಆಮೇಲೆ ಅನುಮತಿ ಕೇಳುತ್ತಿದೆ. ಇನ್ನೊಂದು: ಈಗಾಗಲೇ ಬ್ಲಾಕ್ ಮಾಡಿದವರಿಗೆ ಏನು ತೋರಿಸಬೇಕು?

---

ಹೇಮಾವತಿ_ದಂಡೆ

ಕ್ರಮ ತಲೆಕೆಳಗಾಗಿದೆ. ಒತ್ತಿದ ಬೆರಳಿನ ಗುರುತು ಬ್ರೌಸರ್‌ನಲ್ಲಿ ಸ್ವಲ್ಪ ಹೊತ್ತು ಮಾತ್ರ ಉಳಿಯುತ್ತದೆ. ಕ್ರೋಮ್‌ನಲ್ಲಿ ಸುಮಾರು 5 ಸೆಕೆಂಡ್, ಸಫಾರಿ ಇನ್ನೂ ಬಿಗಿ. ಕಳಸ, ಕೊಟ್ಟಿಗೆಹಾರದಂಥ ಕಡೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಕೀ ಬರುವಷ್ಟರಲ್ಲಿ ಆ ಗುರುತು ಆರಿಹೋಗಿರುತ್ತದೆ. ‘ಕೆಲವು ಸಲ’ ಅಂತ ನಿಮಗೆ ಕಾಣುತ್ತಿರುವುದು ನೆಟ್‌ವರ್ಕ್‌ನ ಏರಿಳಿತ.

ಹೀಗೆ ಮಾಡಿ. ಸರ್ವಿಸ್ ವರ್ಕರ್ ನೋಂದಣಿ ಪುಟ ಲೋಡ್ ಆದಾಗಲೇ ಮುಗಿಯಲಿ, ಅದಕ್ಕೆ ಯಾರ ಅನುಮತಿಯೂ ಬೇಡ. ಸಾರ್ವಜನಿಕ ಕೀಯನ್ನು ಪುಟದಲ್ಲೇ ಬರೆದಿಡಿ, ಅದು ಗುಟ್ಟಲ್ಲ. ಬಟನ್ ಒತ್ತಿದಾಗ ಮೊದಲ ಸಾಲೇ ರಿಕ್ವೆಸ್ಟ್‌ಪರ್ಮಿಶನ್. ‘ಗ್ರಾಂಟೆಡ್’ ಬಂದ ಮೇಲೆ ಪುಶ್‌ಮ್ಯಾನೇಜರ್‌ನ ಸಬ್‌ಸ್ಕ್ರೈಬ್, ಯೂಸರ್‌ವಿಸಿಬಲ್‌ಓನ್ಲಿ (ಬಂದ ಪ್ರತಿ ಸುದ್ದಿಯನ್ನೂ ತೋರಿಸುತ್ತೇವೆ ಅನ್ನುವ ಮಾತು) ‘ಟ್ರೂ’ ಇಟ್ಟು. ಕೊನೆಗೆ ಚಂದಾ ವಿವರ ಸರ್ವರ್‌ಗೆ. ಸರ್ವರ್ ‘ಸಿಕ್ಕಿತು’ ಅಂದ ಮೇಲಷ್ಟೇ ಸ್ವಿಚ್ ಹಸಿರಾಗಲಿ. ಅನುಮತಿ ಸಿಕ್ಕಿ ನೆಟ್ ಕೈಕೊಟ್ಟರೆ ‘ಅನುಮತಿ ಸಿಕ್ಕಿದೆ, ಸಂಪರ್ಕ ಸಿಕ್ಕಿಲ್ಲ, ಮತ್ತೆ ಪ್ರಯತ್ನಿಸುತ್ತೇವೆ’ ಅಂತ ತೋರಿಸಿ, ಮುಂದಿನ ಸಲ ಪುಟ ತೆರೆದಾಗ ಸದ್ದಿಲ್ಲದೆ ಮುಗಿಸಿ. ಹಸಿರು ತೋರಿಸಿ ಸುದ್ದಿ ಕಳಿಸದೇ ಇರುವುದು ಎಲ್ಲಕ್ಕಿಂತ ಕೆಟ್ಟದ್ದು.

ಪುಟ ಸ್ಕ್ರಾಲ್ ಮಾಡಿದ್ದು ‘ಒತ್ತಿದ್ದು’ ಅಂತ ಲೆಕ್ಕಕ್ಕೆ ಬರುವುದಿಲ್ಲ, ಕ್ಲಿಕ್ ಅಥವಾ ಕೀಲಿ ಒತ್ತಬೇಕು. ಬೇರೆ ಸೈಟ್‌ನ ಐಫ್ರೇಮ್ (ಪುಟದೊಳಗಿನ ಪುಟ) ಒಳಗೆ ಕೂತು ಕೇಳಲೂ ಆಗುವುದಿಲ್ಲ. ಇನ್ನೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ: ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’ ಇರುವ ವಿಳಾಸ, ಇಲ್ಲದ ವಿಳಾಸ ಬ್ರೌಸರ್‌ಗೆ ಬೇರೆ ಬೇರೆ ಸೈಟ್. ಒಂದಕ್ಕೆ ಕೊಟ್ಟ ಅನುಮತಿ ಇನ್ನೊಂದಕ್ಕಿಲ್ಲ. ಎಲ್ಲರನ್ನೂ ಒಂದೇ ವಿಳಾಸಕ್ಕೆ ತಿರುಗಿಸಿ, ಎಚ್‌ಟಿಟಿಪಿಎಸ್‌ನಲ್ಲಿ. ಚಂದಾದಾರರು ಸೇರಿದ ಮೇಲೆ ಡೊಮೇನ್ ಬದಲಿಸಿದರೆ ಮತ್ತೆ ಸೊನ್ನೆಯಿಂದ.

ಬ್ಲಾಕ್ ಮಾಡಿದವರಿಗೆ: ಸ್ವಿಚ್ ಅಡಗಿಸಬೇಡಿ, ಬೂದು ಬಣ್ಣದಲ್ಲಿ ಇಡಿ. ಒತ್ತಿದರೆ ಅವರ ಬ್ರೌಸರ್‌ಗೆ ತಕ್ಕ ಎರಡು ಸಾಲು ತೋರಿಸಿ. ಕ್ರೋಮ್‌ಗೆ: ‘ವಿಳಾಸದ ಎಡಗಡೆ ಗುರುತು ಒತ್ತಿ, ಅನುಮತಿಗಳಲ್ಲಿ ನೋಟಿಫಿಕೇಶನ್ ಆನ್ ಮಾಡಿ’. ‘ಬೀಗದ ಚಿತ್ರ ಒತ್ತಿ’ ಅಂತ ಬರೆಯಬೇಡಿ. 2023ರ 117ನೇ ಆವೃತ್ತಿಯಿಂದ ಕ್ರೋಮ್‌ನಲ್ಲಿ ಬೀಗದ ಬದಲು ಎರಡು ಜಾರುಗುಂಡಿಗಳ ಚಿತ್ರ ಬಂದಿದೆ, ಹಳೆಯ ಸೂಚನೆ ಓದಿದವರು ಇಲ್ಲದ ಬೀಗ ಹುಡುಕುತ್ತಾರೆ. ಪರ್ಮಿಶನ್ಸ್.ಕ್ವೆರಿಯ (ಅನುಮತಿಯ ಸ್ಥಿತಿ ತಿಳಿಸುವ ಕೋಡ್) ಬದಲಾವಣೆಯನ್ನು ಕೇಳಿಸಿಕೊಳ್ಳುತ್ತಿದ್ದರೆ, ಅವರು ಅಲ್ಲಿ ಆನ್ ಮಾಡಿದ ಕೂಡಲೇ ನಿಮ್ಮ ಸ್ವಿಚ್‌ಗೆ ಜೀವ ಬರುತ್ತದೆ. ಹಾಗೇ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕ್ರೋಮ್ ಕೇಳದೆಯೇ ನಿರಾಕರಿಸುತ್ತದೆ. ಪರೀಕ್ಷೆಯನ್ನು ಅದರಲ್ಲಿ ಮಾಡಿ ಗಾಬರಿ ಬೀಳಬೇಡಿ.

---

ಆಲೂರು_ಮೊಬೈಲ್

ಫೋನ್ ಕಡೆಯದು ಸ್ವಲ್ಪ.

ಐಫೋನ್‌ಗೆ ವೆಬ್ ಪುಶ್ (ಸೈಟ್ ಮುಚ್ಚಿದ್ದರೂ ಸುದ್ದಿ ಮುಟ್ಟಿಸುವ ವ್ಯವಸ್ಥೆ) ಬಂದಿದ್ದು 2023ರ ಮಾರ್ಚ್‌ನ ಐಓಎಸ್ 16.4ರಲ್ಲಿ, ಅದೂ ಹೋಮ್ ಸ್ಕ್ರೀನ್‌ಗೆ ಸೇರಿಸಿದ ಸೈಟ್‌ಗಳಿಗೆ ಮಾತ್ರ. ಮ್ಯಾನಿಫೆಸ್ಟ್ ಫೈಲ್‌ನಲ್ಲಿ (ಸೈಟ್‌ನ ಹೆಸರು, ಐಕಾನ್ ಬರೆದಿಡುವ ಫೈಲ್) ಡಿಸ್‌ಪ್ಲೇ ‘ಸ್ಟ್ಯಾಂಡ್‌ಅಲೋನ್’ ಇಡಿ. ಶೇರ್ ಗುಂಡಿ, ‘ಆ್ಯಡ್ ಟು ಹೋಮ್ ಸ್ಕ್ರೀನ್’, ಆ ಐಕಾನ್‌ನಿಂದ ತೆರೆಯುವುದು, ಆಮೇಲೆ ಸ್ವಿಚ್ ಒತ್ತುವುದು: ನಾಲ್ಕು ಹೆಜ್ಜೆ. ಐಫೋನ್‌ನ ಮಾಮೂಲಿ ಟ್ಯಾಬ್‌ನಲ್ಲಿ ಬಂದವರಿಗೆ ಸ್ವಿಚ್ ಜಾಗದಲ್ಲಿ ಈ ನಾಲ್ಕು ಹೆಜ್ಜೆ ಬರೆದು ಬಿಡಿ, ಒತ್ತಿದರೆ ಏನೂ ಆಗದ ಸ್ವಿಚ್ ಇಡಬೇಡಿ.

ಆಂಡ್ರಾಯ್ಡ್‌ನಲ್ಲಿ ಬಾಗಿಲು ಎರಡು. ಸೈಟ್‌ಗೆ ಕ್ರೋಮ್ ಕೊಡುವ ಅನುಮತಿ ಒಂದು, ಕ್ರೋಮ್ ಆಪ್‌ಗೆ ಫೋನ್ ಕೊಡುವ ಅನುಮತಿ ಇನ್ನೊಂದು. ಆಂಡ್ರಾಯ್ಡ್ 13ರಿಂದ ಎರಡನೆಯದನ್ನೂ ಬಳಕೆದಾರರೇ ಕೊಡಬೇಕು. ಅದು ಮುಚ್ಚಿದ್ದರೆ ಸುದ್ದಿ ಪರದೆಗೆ ಬರುವುದೇ ಇಲ್ಲ. ಇದಕ್ಕೆ ಒಂದು ಸರಳ ಉಪಾಯ: ಸ್ವಿಚ್ ಹಾಕಿದ ಕೂಡಲೇ ಸರ್ವರ್‌ನಿಂದ ಒಂದು ನಿಜವಾದ ಸುದ್ದಿ ಕಳಿಸಿ. ‘ಸ್ವಾಗತ’ ಬೇಡ, ಇವತ್ತಿನ ದರವನ್ನೇ ಕಳಿಸಿ. ಪುಟದಲ್ಲಿ ‘ಈಗ ಒಂದು ಸುದ್ದಿ ಕಳಿಸಿದ್ದೇವೆ, ಬಂತೇ?’ ಅಂತ ಕೇಳಿ. ‘ಬರಲಿಲ್ಲ’ ಒತ್ತಿದವರಿಗೆ ಫೋನ್ ಸೆಟ್ಟಿಂಗ್, ಆಪ್‌ಗಳು, ಕ್ರೋಮ್, ನೋಟಿಫಿಕೇಶನ್ ದಾರಿ ತೋರಿಸಿ. ಕೆಲವು ಕಂಪನಿಗಳ ಫೋನ್‌ಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆಪ್‌ಗಳನ್ನು ನಿಲ್ಲಿಸಿಬಿಡುತ್ತವೆ, ಅಲ್ಲಿ ಕ್ರೋಮ್‌ನ ಬ್ಯಾಟರಿ ನಿರ್ಬಂಧವನ್ನೂ ತೆಗೆಯಬೇಕಾಗುತ್ತದೆ.

ಕೋಡ್‌ನಲ್ಲಿ ‘ನ್ಯೂ ನೋಟಿಫಿಕೇಶನ್’ ಬಳಸಿದ್ದರೆ ಬದಲಿಸಿ, ಆಂಡ್ರಾಯ್ಡ್ ಕ್ರೋಮ್ ಅದಕ್ಕೆ ಎರರ್ ಎಸೆಯುತ್ತದೆ. ಸರ್ವಿಸ್ ವರ್ಕರ್‌ನ ಶೋನೋಟಿಫಿಕೇಶನ್ ಬಳಸಿ, ವೇಟ್‌ಅನ್‌ಟಿಲ್ (ಕೆಲಸ ಮುಗಿಯುವವರೆಗೆ ವರ್ಕರ್ ಎಚ್ಚರವಿರಲಿ ಅನ್ನುವ ಕರೆ) ಒಳಗೆ. ಪುಶ್ ಬಂದೂ ಏನೂ ತೋರಿಸದೆ ಬಿಟ್ಟರೆ, ಸೈಟ್ ಹಿನ್ನೆಲೆಯಲ್ಲಿ ಅಪ್‌ಡೇಟ್ ಆಗಿದೆ ಅಂತ ಕ್ರೋಮ್ ತಾನೇ ಒಂದು ಪೊಳ್ಳು ಸುದ್ದಿ ತೋರಿಸುತ್ತದೆ. ಜನ ಬ್ಲಾಕ್ ಮಾಡುವುದು ಅದನ್ನು ನೋಡಿಯೇ. ‘ಬ್ಯಾಡ್ಜ್’ ಚಿತ್ರ ಬಣ್ಣದ್ದಾಗಿದ್ದರೆ ಮೇಲ್ಪಟ್ಟಿಯಲ್ಲಿ ಬಿಳಿ ಚೌಕ ಕಾಣುತ್ತದೆ. ಹಿನ್ನೆಲೆ ಪಾರದರ್ಶಕವಾಗಿರುವ, ಒಂದೇ ಬಣ್ಣದ 96×96 ಚಿತ್ರ ಕೊಡಿ.

---

ಗೊರೂರು_ಬ್ಯಾಕೆಂಡ್

ಅನುಮತಿ ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳುವುದು ಸರ್ವರ್‌ನ ಕೈಯಲ್ಲಿದೆ.

ಟಿಟಿಎಲ್ (ಸುದ್ದಿಯ ಆಯಸ್ಸು) ಹೆಡರ್ ಇಲ್ಲದೆ ಕಳಿಸಬೇಡಿ, ವೆಬ್ ಪುಶ್‌ನಲ್ಲಿ ಅದು ಕಡ್ಡಾಯ. ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದನ್ನು ವಿಷಯ ನೋಡಿ ಇಡಿ. ದರಕ್ಕೆ 21600, ಅಂದರೆ 6 ಗಂಟೆ. ಕರೆಂಟ್ ಹೋಗಿ ಟವರ್ ಮಲಗಿ, ಮಾರನೇ ದಿನ ಬೆಳಗ್ಗೆ ನೆಟ್ ಬಂದಾಗ ನಿನ್ನೆಯ ದರ ‘ಇಂದಿನ ದರ’ ಅಂತ ಬಂದರೆ ಚೀಲ ಮಾರುವವರಿಗೆ ನಷ್ಟ. ಸುದ್ದಿಯಲ್ಲಿ ‘ಇಂದು’ ಬದಲು ತಾರೀಖನ್ನೇ ಬರೆಯಿರಿ. ಘಾಟ್‌ಗೆ ಟಿಟಿಎಲ್ ಉದ್ದ ಇರಲಿ, ಜೊತೆಗೆ ‘ಟಾಪಿಕ್’ ಹೆಡರ್. ‘ಚಾರ್ಮಾಡಿ ಬಂದ್’ ಇನ್ನೂ ದಾರಿಯಲ್ಲಿರುವಾಗಲೇ ‘ಚಾರ್ಮಾಡಿ ತೆರೆದಿದೆ’ ಹೊರಟರೆ, ಒಂದೇ ಟಾಪಿಕ್ ಇದ್ದಾಗ ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ. ಟಾಪಿಕ್ ಹೆಸರು 32 ಅಕ್ಷರ ಮೀರಬಾರದು, ಕನ್ನಡ ಲಿಪಿ ನಡೆಯುವುದಿಲ್ಲ. ಫೋನ್‌ಗೆ ಮುಟ್ಟಿದ ಮೇಲೆ ಇದೇ ಕೆಲಸಕ್ಕೆ ‘ಟ್ಯಾಗ್’. ಹೊಸದು ಬಂದಾಗ ಮತ್ತೆ ಸದ್ದಾಗಬೇಕಿದ್ದರೆ ‘ರೀನೋಟಿಫೈ’ ಕೂಡ ಹಾಕಬೇಕು. ಘಾಟ್‌ಗೆ ಅರ್ಜೆನ್ಸಿ ‘ಹೈ’, ದರಕ್ಕೆ ‘ನಾರ್ಮಲ್’. ಎಲ್ಲಕ್ಕೂ ‘ಹೈ’ ಹಾಕುವುದು ಬ್ಯಾಟರಿ ತಿನ್ನುವ ಕೆಲಸ.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ್ದು ಅಳತೆ. ಒಂದು ಸಂದೇಶಕ್ಕೆ ಎನ್‌ಕ್ರಿಪ್ಟ್ ಆದ ಮೇಲೆ 4096 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕ್ಕ’ ಬರೆದರೆ ಕ, ಹಲಂತ, ಕ ಸೇರಿ 9 ಬೈಟ್. ಪಿಎಚ್‌ಪಿಯ ಜೇಸನ್ ಎನ್‌ಕೋಡ್, ಪೈಥಾನ್‌ನ ಜೇಸನ್ ಡಂಪ್ಸ್ ಎರಡೂ ಸುಮ್ಮನೆ ಬಿಟ್ಟರೆ ಪ್ರತಿ ಸಂಕೇತವನ್ನೂ 6 ಅಕ್ಷರದ ಎಸ್ಕೇಪ್ ಮಾಡಿ ಅಳತೆಯನ್ನು ಇಮ್ಮಡಿ ಮಾಡುತ್ತವೆ. 413 (ಸಂದೇಶ ತೀರಾ ದೊಡ್ಡದು) ಉತ್ತರ ಬಂದರೆ ಮೊದಲು ಇದನ್ನೇ ನೋಡಿ. ಪಿಎಚ್‌ಪಿಯಲ್ಲಿ ಅನ್‌ಎಸ್ಕೇಪ್ಡ್ ಯೂನಿಕೋಡ್ ಆಯ್ಕೆ ಹಾಕಿ, ಪೈಥಾನ್‌ನಲ್ಲಿ ಎನ್ಶೂರ್ ಆಸ್ಕಿ ‘ಫಾಲ್ಸ್’ ಮಾಡಿ. ಅಷ್ಟುದ್ದ ಬರೆಯುವ ಅಗತ್ಯವೂ ಇಲ್ಲ, ಮಡಚಿದ ಸುದ್ದಿಯಲ್ಲಿ ಕಾಣುವುದು ಒಂದು ಸಾಲು. ‘ಚಾರ್ಮಾಡಿ ಬಂದ್’ ಮೊದಲು ಬರಲಿ, ‘ಆತ್ಮೀಯ ಬೆಳೆಗಾರರೇ’ ಬೇಡ.

404 ಅಥವಾ 410 ಬಂದ ಚಂದಾವನ್ನು ಅದೇ ಕ್ಷಣ ಅಳಿಸಿ, ಅವು ಸತ್ತ ವಿಳಾಸಗಳು. 403 ಬಂದರೆ ಬಹುತೇಕ ವ್ಯಾಪಿಡ್ ಕೀ (ಪುಟದಲ್ಲಿಟ್ಟ ಸಾರ್ವಜನಿಕ ಕೀ, ಸರ್ವರ್‌ನಲ್ಲಿರುವ ಖಾಸಗಿ ಕೀ ಜೋಡಿ) ಹೊಂದುತ್ತಿಲ್ಲ. ಆ ಖಾಸಗಿ ಕೀಯನ್ನು ಎರಡು ಕಡೆ ಜೋಪಾನವಾಗಿಡಿ. ಅದು ಕಳೆದರೆ ಹಳೆಯ ಚಂದಾಗಳಿಗೆ ಏನನ್ನೂ ಕಳಿಸಲಾಗದು, ಪ್ರತಿಯೊಬ್ಬರೂ ಸೈಟ್‌ಗೆ ಬಂದು ಹೊಸ ಚಂದಾ ಆಗುವವರೆಗೆ ಕಾಯಬೇಕು.

2025ರ ಅಕ್ಟೋಬರ್‌ನಲ್ಲಿ ಕ್ರೋಮ್ ತಂಡ ಇನ್ನೊಂದು ಹೆಜ್ಜೆ ಪ್ರಕಟಿಸಿದೆ: ವಿಪರೀತ ಕಳಿಸುವ, ಬಳಕೆದಾರರು ತಿರುಗಿಯೂ ನೋಡದ ಸೈಟ್‌ಗಳ ಅನುಮತಿಯನ್ನು ಬ್ರೌಸರ್ ತಾನೇ ಹಿಂತೆಗೆಯುತ್ತದೆ. ಕೊಯ್ಲು ಮುಗಿದ ತಿಂಗಳುಗಳಲ್ಲಿ ದರ ಅಲುಗದಿದ್ದರೂ ದಿನಾ ಕಳಿಸುವ ಅಭ್ಯಾಸ ಇದ್ದರೆ ನಿಲ್ಲಿಸಿ. ಮಿತಿ ದಾಟಿದಾಗ ಮಾತ್ರ ಕಳಿಸಿ.

---

ಮೂಡಿಗೆರೆ_ವೆಬ್

ಲೋಡ್ ಕರೆ ತೆಗೆದಾಯಿತು. ಕೀ ಪುಟದಲ್ಲೇ ಇಟ್ಟ ಮೇಲೆ ಸಫಾರಿ ತೊಂದರೆ ಹೋಯಿತು. ಕೊನೆಯದಾಗಿ ಒಂದು: ಎಸ್ಟೇಟ್ ಕಚೇರಿಯಲ್ಲಿ ರೈಟರ್, ಮಾಲೀಕರು ಒಂದೇ ಕಂಪ್ಯೂಟರ್ ಬಳಸುತ್ತಾರೆ. ಒಬ್ಬರು ಹಾಕಿದ ದರದ ಮಿತಿ ಇನ್ನೊಬ್ಬರಿಗೆ ಕಾಣಬಾರದು ಅಂದರೆ?

---

ಬಾಳೆಹೊನ್ನೂರು_ಯುಐ

ಚಂದಾ ಸೇರುವುದು ಬ್ರೌಸರ್ ಪ್ರೊಫೈಲ್‌ಗೆ, ಮನುಷ್ಯರಿಗಲ್ಲ. ಇಬ್ಬರೂ ಒಂದೇ ಪ್ರೊಫೈಲ್ ಬಳಸಿದರೆ ಬೇರ್ಪಡಿಸಲು ದಾರಿಯಿಲ್ಲ. ಲಾಗಿನ್ ಇದ್ದರೆ, ಲಾಗ್ಔಟ್ ಆದಾಗ ಆ ಚಂದಾವನ್ನು ಖಾತೆಯಿಂದ ಬಿಡಿಸಿ. ಇಲ್ಲದಿದ್ದರೆ ಹಿಂದಿನವರ ಸುದ್ದಿ ಮುಂದಿನವರ ಪರದೆಯಲ್ಲಿ ಏಳುತ್ತದೆ. ಸುದ್ದಿಯಲ್ಲಿ ‘ನೀವು ಹಾಕಿದ ಮಿತಿ ಇಷ್ಟು’ ಅಂತ ಬರೆಯುವುದನ್ನೂ ಬಿಡಿ, ಇವತ್ತಿನ ದರ ಮಾತ್ರ ಬರೆಯಿರಿ. ಬೀಗ ಹಾಕಿದ ಫೋನ್ ಪರದೆಯಲ್ಲೂ ಅದು ಕಾಣುತ್ತದೆ. ಮಾಲೀಕರು ಯಾವ ದರಕ್ಕೆ ಮಾರಲು ಕಾಯುತ್ತಿದ್ದಾರೆ ಅನ್ನುವುದು ಕಣದಲ್ಲಿ ನಿಂತ ವ್ಯಾಪಾರಿಗೆ ಗೊತ್ತಾಗಬಾರದಲ್ಲ.